ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸ್ ಬಿರುಕು ಬಿಟ್ಟಿದೆ, ವೆಲ್ಡ್ ಮಾಡಿದರೆ ನಿಲ್ಲುತ್ತದಾ?

ಪ್ರಶ್ನೆ: ನನ್ನ ಬೈಕ್ ಇಂಜಿನ್‌ನ ಕ್ರ್ಯಾಂಕ್‌ಕೇಸ್ ಕೆಳಭಾಗದಲ್ಲಿ ಬಿರುಕು ಬಿಟ್ಟಿದೆ. ಆಯಿಲ್ ಡ್ರೈನ್ ಬೋಲ್ಟ್ ಪಕ್ಕದಿಂದ ಶುರುವಾಗಿ ಸುಮಾರು 4 ಸೆಂ.ಮೀ. ಹೋಗಿದೆ. ಹೊರಗಿನಿಂದ ಎಪಾಕ್ಸಿ ಹಚ್ಚಿದೆ. ಸ್ವಲ್ಪ ದಿನ ನಿಂತಿತು, ಈಗ ಮತ್ತೆ ಆಯಿಲ್ ಜಿನುಗುತ್ತಿದೆ. ಒಬ್ಬ ಮೆಕ್ಯಾನಿಕ್ ಆರ್ಗಾನ್ ವೆಲ್ಡಿಂಗ್ ಮಾಡಿಸಿ ಅಂತಾರೆ. ಇನ್ನೊಬ್ಬರು ಇಂಜಿನ್ ಅಲ್ಯೂಮಿನಿಯಂಗೆ ವೆಲ್ಡ್ ಹಾಕಿದರೆ ನಿಲ್ಲಲ್ಲ, ಕೇಸ್ ಬದಲಿಸಿ ಅಂತಾರೆ. ಕಬ್ಬಿಣದ ವೆಲ್ಡಿಂಗ್ ನನಗೆ ಚೆನ್ನಾಗಿ ಅಭ್ಯಾಸ ಇದೆ. ಇದನ್ನು ನಾನೇ ಮಾಡಬಹುದಾ?

ಉತ್ತರ: ವೆಲ್ಡ್ ಮಾಡಬಹುದು, ನಿಲ್ಲುತ್ತದೆ. ಹಾಗಂತ "ನಿಲ್ಲಲ್ಲ" ಎಂದವರು ಸುಮ್ನೆ ಹೇಳುತ್ತಿಲ್ಲ. ಅವರು ನೋಡಿದ ವೆಲ್ಡ್‌ಗಳು ನಿಂತಿರಲಿಕ್ಕಿಲ್ಲ. ಇಂಜಿನ್ ಬಿಚ್ಚದೆ, ಆಯಿಲ್ ಕುಡಿದ ಲೋಹದ ಮೇಲೆ, ಮೇಲ್ಮೇಲೆ ಎಳೆದ ವೆಲ್ಡ್ ನಿಜಕ್ಕೂ ನಿಲ್ಲುವುದಿಲ್ಲ. ಅದು ತಣ್ಣಗಾಗುವಾಗಲೇ ಪಕ್ಕದಲ್ಲಿ ಇನ್ನೊಂದು ಬಿರುಕು ಬಿಟ್ಟಿರುತ್ತದೆ. ಈ ಕೆಲಸದ ಹೆಚ್ಚಿನ ಪಾಲು ಟಾರ್ಚ್ ಹಚ್ಚುವ ಮೊದಲೇ ಮುಗಿಯಬೇಕು. ಆ ಪಾಲನ್ನು ಯಾರು ತಾಳ್ಮೆಯಿಂದ ಮಾಡುತ್ತಾರೋ ಅವರ ವೆಲ್ಡ್ ನಿಲ್ಲುತ್ತದೆ.

ಮೊದಲು ಬಿರುಕು ಯಾಕೆ ಬಂತು ಎಂದು ನೋಡೋಣ. ಡ್ರೈನ್ ಬೋಲ್ಟ್ ಪಕ್ಕದಿಂದಲೇ ಶುರುವಾಗಿದೆ ಎಂದಿದ್ದೀರಿ. ಹಾಗಿದ್ದರೆ ಮೊದಲ ಅನುಮಾನ ಬೋಲ್ಟನ್ನು ಜಾಸ್ತಿ ಬಿಗಿ ಮಾಡಿದ್ದರ ಮೇಲೆ. 12 ಮಿ.ಮೀ. ಡ್ರೈನ್ ಬೋಲ್ಟ್‌ಗೆ ಬೈಕ್‌ಗಳಲ್ಲಿ ಸಾಮಾನ್ಯವಾಗಿ 20ರಿಂದ 30 ನ್ಯೂಟನ್ ಮೀಟರ್ ಟಾರ್ಕ್ ಸಾಕು. ನಿಮ್ಮ ಮಾಡೆಲ್‌ನ ನಿಖರ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. 20 ಸೆಂ.ಮೀ. ಉದ್ದದ ಸ್ಪ್ಯಾನರ್ ಹಿಡಿದು 25 ಕಿಲೋ ತೂಕದಷ್ಟು ಬಲ ಹಾಕಿದರೆ ಅಲ್ಲೇ 50 ನ್ಯೂಟನ್ ಮೀಟರ್ ಆಗಿಹೋಗುತ್ತದೆ. ಅಂದರೆ ಬೇಕಾದ್ದರ ಎರಡು ಪಟ್ಟು. ಅಷ್ಟು ಬಲ ಹಾಕಿದ್ದು ಕೈಗೆ ಗೊತ್ತೂ ಆಗುವುದಿಲ್ಲ. ಹಳೆ ವಾಷರ್ ಗಟ್ಟಿಯಾಗಿ ಸೀಲ್ ಆಗದೆ ಆಯಿಲ್ ಜಿನುಗುತ್ತದೆ, ಅದನ್ನು ನಿಲ್ಲಿಸಲು ಇನ್ನೊಂದು ಸುತ್ತು ಬಿಗಿ ಮಾಡುತ್ತಾರೆ, ಮುಂದಿನ ಸಲ ಇನ್ನೊಂದು ಸುತ್ತು. ಕೊನೆಗೆ ಥ್ರೆಡ್‌ನ ಬುಡದಲ್ಲಿ ಸೀಳು ಹುಟ್ಟುತ್ತದೆ.

ಇನ್ನೊಂದು ಸಾಧ್ಯತೆ ಹೊರಗಿನ ಪೆಟ್ಟು. ಕಲ್ಲು ಬಡಿದಿರಬಹುದು, ಜಾಕ್ ಇಟ್ಟಾಗ ಕೇಸ್ ಮೇಲೆ ಭಾರ ಬಿದ್ದಿರಬಹುದು. ಪೆಟ್ಟಿನ ಜಾಗದಲ್ಲಿ ತಗ್ಗು ಅಥವಾ ಜಜ್ಜಿದ ಗುರುತು ಕಾಣುತ್ತದೆ, ಬಿರುಕು ಅದರ ಸುತ್ತ ಕವಲೊಡೆದಿರುತ್ತದೆ. ಮೂರನೆಯದು ಇಂಜಿನ್ ಮೌಂಟ್ ಬೋಲ್ಟ್ ಸಡಿಲವಾಗಿ, ಅದುರಿ ಅದುರಿ ಬಂದ ಬಿರುಕು. ಅದು ಡ್ರೈನ್ ಬೋಲ್ಟ್ ಹತ್ತಿರ ಬರುವುದು ಕಡಿಮೆ. ಆದರೂ ಮೌಂಟ್ ಬೋಲ್ಟ್‌ಗಳನ್ನು ಒಮ್ಮೆ ಪರೀಕ್ಷಿಸಿ. ಕಾರಣ ಹಾಗೇ ಉಳಿದಿದ್ದರೆ ಎಷ್ಟು ಚೆಂದ ವೆಲ್ಡ್ ಮಾಡಿದರೂ ಪಕ್ಕದಲ್ಲಿ ಇನ್ನೊಂದು ಕಡೆ ಸೀಳುತ್ತದೆ.

ಎಪಾಕ್ಸಿ ಯಾಕೆ ಕೈಕೊಟ್ಟಿತು ಎನ್ನುವುದಕ್ಕೂ ಇಲ್ಲೇ ಉತ್ತರ ಇದೆ. ಲೋಹದ ಪುಡಿ ಬೆರೆಸಿದ ಒಳ್ಳೆಯ ಎಪಾಕ್ಸಿಗಳು ಇಂಜಿನ್ ಆಯಿಲ್‌ನ ಬಿಸಿ ತಡೆಯುತ್ತವೆ, ಅದು ಸಮಸ್ಯೆಯೇ ಅಲ್ಲ. ಬಿರುಕಿನೊಳಗೆ ಆಯಿಲ್ ಇತ್ತು. ನೀವು ಹೊರಗೆ ಒರೆಸಿ ಹಚ್ಚಿದಿರಿ, ಒಳಗಿನ ಆಯಿಲ್ ನಿಧಾನವಾಗಿ ಹೊರಬಂದು ಅಂಟಿನ ಅಡಿಗೆ ಸೇರಿತು. ಜೊತೆಗೆ ಇಂಜಿನ್ ಬಿಸಿಯಾದಾಗ ಬಿರುಕು ಒಂದಿಷ್ಟು ತೆರೆಯುತ್ತದೆ, ತಣಿದಾಗ ಮುಚ್ಚುತ್ತದೆ. ಎಪಾಕ್ಸಿ ಅಲ್ಯೂಮಿನಿಯಂ ಹಿಗ್ಗಿದಷ್ಟೇ ಹಿಗ್ಗುವುದಿಲ್ಲ, ಅಳತೆ ಬೇರೆ. ಪ್ರತಿ ಸಲ ಅಂಚಿನಲ್ಲಿ ಎಳೆತ ಬೀಳುತ್ತದೆ. ಎಪಾಕ್ಸಿಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಒಂದು ಕವರ್‌ನಲ್ಲಿ ಸೂಜಿಮೊನೆಯಷ್ಟು ರಂಧ್ರ ಇದ್ದರೆ, ಅಥವಾ ಮುರಿದ ಕೂಲಿಂಗ್ ಫಿನ್‌ನ ತುದಿ ಕೂರಿಸಬೇಕಿದ್ದರೆ ಅದೇ ಸಾಕು. ಆದರೆ ಥ್ರೆಡ್‌ನಿಂದ ಹೊರಟ ಬಿರುಕಿಗೆ ಅದು ದಾರಿಯಲ್ಲಿ ಮನೆ ತಲುಪುವವರೆಗಿನ ಉಪಾಯ, ಅಷ್ಟೇ.

ಈಗ ಕೆಲಸಕ್ಕೆ ಬರೋಣ. ಇಂಜಿನ್ ಇಳಿಸಿ, ಕೇಸ್ ಬಿಚ್ಚಿ, ಬೇರಿಂಗ್, ಸೀಲ್, ಒ-ರಿಂಗ್ ಎಲ್ಲ ತೆಗೆಯಬೇಕು. ಇದು ಬೇಜಾರಿನ ಕೆಲಸ ಎಂದು ಗೊತ್ತು. ಫ್ರೇಮ್‌ನಲ್ಲೇ ಇಟ್ಟು ವೆಲ್ಡ್ ಮಾಡುವವರೂ ಇದ್ದಾರೆ. ಆದರೆ ಒಳಗೆ ಆಯಿಲ್ ಆವಿ ಇರುತ್ತದೆ, ಬಿಸಿಗೆ ಸೀಲ್‌ಗಳು ಹೋಗುತ್ತವೆ, ಮೇಲಾಗಿ ಅರ್ತ್ ಕ್ಲ್ಯಾಂಪ್ ತಪ್ಪಾದ ಕಡೆ ಹಾಕಿದರೆ ಕರೆಂಟ್ ಬೇರಿಂಗ್ ಮೂಲಕ ಹರಿದು ಅದರ ಗುಂಡುಗಳ ಮೇಲೆ ಸುಟ್ಟ ಚುಕ್ಕಿ ಬೀಳುತ್ತದೆ. ಬಿರುಕಿನ ಒಳಮೈ ನೋಡಲಂತೂ ಆಗುವುದೇ ಇಲ್ಲ.

ಬಿಚ್ಚಿದ ಮೇಲೆ ಮೊದಲ ಪ್ರಶ್ನೆ: ಇದು ಅಲ್ಯೂಮಿನಿಯಮ್ಮೇ ಹೌದಾ? ಕೆಲವು ಇಂಜಿನ್ ಕೇಸ್‌ಗಳು, ಅದರಲ್ಲೂ ಸೈಡ್ ಕವರ್‌ಗಳು ಮೆಗ್ನೀಸಿಯಂ ಮಿಶ್ರಲೋಹದ್ದಾಗಿರುತ್ತವೆ. ನೋಡಲು ಎರಡೂ ಒಂದೇ ಥರ. ಕಾಣದ ಜಾಗದಲ್ಲಿ ಬಣ್ಣ ಕೆರೆದು, ಹೊಳೆಯುವ ಲೋಹದ ಮೇಲೆ ಒಂದು ಹನಿ ವಿನೆಗರ್ ಹಾಕಿ. ಮೆಗ್ನೀಸಿಯಂ ಆದರೆ ಗುಳ್ಳೆ ಏಳುತ್ತದೆ. ಅಲ್ಯೂಮಿನಿಯಂ ಆದರೆ ಸುಮ್ಮನಿರುತ್ತದೆ. ಮೆಗ್ನೀಸಿಯಂ ಎಂದು ಗೊತ್ತಾದರೆ ಅಲ್ಲಿಗೆ ನಿಲ್ಲಿಸಿ, ಅದನ್ನು ಬಲ್ಲವರಿಗೆ ಕೊಡಿ. ಅದಕ್ಕೆ ಬೇರೆಯದೇ ಫಿಲ್ಲರ್, ಅಂದರೆ ಕರಗಿಸಿ ತುಂಬುವ ಲೋಹದ ರಾಡ್, ಬೇಕು. ಅದರ ಸಣ್ಣ ಚೂರುಗಳಿಗೆ ಬೆಂಕಿ ಹತ್ತಿದರೆ ನೀರು ಹಾಕಿ ಆರಿಸಲು ಹೋಗಲೇಬಾರದು, ಇನ್ನೂ ಜಾಸ್ತಿ ಉರಿಯುತ್ತದೆ.

ಮುಂದೆ ಬಿರುಕು ನಿಜವಾಗಿ ಎಲ್ಲಿವರೆಗೆ ಇದೆ ಎಂದು ತಿಳಿಯಬೇಕು. ಕಣ್ಣಿಗೆ 4 ಸೆಂ.ಮೀ. ಕಂಡರೆ ಲೋಹದಲ್ಲಿ ಅದಕ್ಕಿಂತ ಉದ್ದ ಇರುತ್ತದೆ ಎಂದೇ ಇಟ್ಟುಕೊಳ್ಳಿ. ತುದಿ ಕೂದಲಿಗಿಂತ ಸಣ್ಣ. ಇದಕ್ಕೆ ಡೈ ಪೆನೆಟ್ರಂಟ್ ಎಂಬ ಮೂರು ಸ್ಪ್ರೇ ಕ್ಯಾನ್‌ಗಳ ಸೆಟ್ ಸಿಗುತ್ತದೆ. ಮೊದಲು ಕ್ಲೀನರ್. ಆಮೇಲೆ ಕೆಂಪು ಬಣ್ಣ ಹಚ್ಚಿ 10ರಿಂದ 20 ನಿಮಿಷ ಬಿಡಬೇಕು, ಅದು ಬಿರುಕಿನೊಳಗೆ ಇಳಿಯುತ್ತದೆ. ಮೇಲ್ಮೈಯನ್ನು ಬಟ್ಟೆಯಿಂದ ಒರೆಸಿ, ಬಿಳಿ ಡೆವಲಪರ್ ಹೊಡೆದರೆ ಒಳಗಿದ್ದ ಕೆಂಪು ಹೊರಗೆ ಬಂದು ಗೆರೆ ಎಳೆದಂತೆ ಕಾಣುತ್ತದೆ. ಒರೆಸುವಾಗ ಕ್ಲೀನರನ್ನು ಬಟ್ಟೆಗೆ ಹಾಕಿ, ನೇರವಾಗಿ ಕೇಸ್ ಮೇಲೆ ಹೊಡೆದರೆ ಬಿರುಕಿನಲ್ಲಿದ್ದ ಬಣ್ಣವೂ ತೊಳೆದುಹೋಗುತ್ತದೆ. ಒಳಗೂ ಹೊರಗೂ ಎರಡೂ ಕಡೆ ಮಾಡಿ. ಡ್ರೈನ್ ರಂಧ್ರದ ಥ್ರೆಡ್‌ನೊಳಗೆ ಬಿರುಕು ಎಷ್ಟು ಹೋಗಿದೆ, ಹತ್ತಿರದ ಬೇರಿಂಗ್ ಗೂಡಿನ ಕಡೆಗೆ ಕವಲು ಹೋಗಿದೆಯಾ, ಇವೆರಡು ಮುಖ್ಯ.

ರಿಪೇರಿ ಮಾಡಬೇಕೋ ಬೇಡವೋ ಎನ್ನುವುದನ್ನು ಇಲ್ಲೇ ತೀರ್ಮಾನಿಸಬೇಕು. ಬಿರುಕು ಬರೀ ಆಯಿಲ್ ಹಿಡಿದಿಡುವ ಗೋಡೆಯಲ್ಲಿದ್ದರೆ ವೆಲ್ಡ್ ಮಾಡಿ, ಧೈರ್ಯವಾಗಿ. ಅದು ಬೇರಿಂಗ್ ಕೂರುವ ಗೂಡಿಗೆ ಹೊಕ್ಕಿದ್ದರೆ ನನ್ನ ಸಲಹೆ ಕೇಸ್ ಬದಲಿಸುವುದೇ. ಗೂಡಿನ ಅಳತೆಯನ್ನು ಮಿಲಿಮೀಟರ್‌ನ ನೂರರಲ್ಲೊಂದು ಭಾಗದ ಲೆಕ್ಕದಲ್ಲಿ ಕಾಪಾಡಬೇಕು, ವೆಲ್ಡ್ ಬಿಸಿಗೆ ಅದು ಉಳಿಯುವುದಿಲ್ಲ. ಮತ್ತೆ ಬೋರಿಂಗ್ ಮಾಡಿಸಬೇಕು, ಅದೂ ಎರಡು ಅರ್ಧಗಳ ನಡುರೇಖೆ ತಪ್ಪದಂತೆ. ಪಿಸ್ಟನ್, ಕನೆಕ್ಟಿಂಗ್ ರಾಡ್ ಥರದ ಓಡಾಡುವ ಭಾಗ ಸೀಳಿದ್ದರೆ ರಿಪೇರಿಯ ಮಾತೇ ಬೇಡ.

ಅಲ್ಯೂಮಿನಿಯಂ ಯಾಕೆ ಕಬ್ಬಿಣದ ಹಾಗೆ ವರ್ತಿಸಲ್ಲ ಎಂದು ನಿಮಗೆ ಹೇಳಬೇಕು, ನಿಮ್ಮ ಕೈ ಕಬ್ಬಿಣಕ್ಕೆ ಪಳಗಿದೆ ಅಲ್ವಾ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಸಿಲಿಕಾನ್ ಬೆರೆಸಿದ ಎರಕದ ಮಿಶ್ರಲೋಹ ಇನ್ನೂ ಕಡಿಮೆಗೆ, 600ರ ಆಸುಪಾಸಿನಲ್ಲಿ. ಆದರೆ ಅದರ ಮೈಮೇಲಿನ ಆಕ್ಸೈಡ್ ಪದರ ಕರಗಲು 2000 ಡಿಗ್ರಿಗಿಂತ ಜಾಸ್ತಿ ಬೇಕು. ಆಕ್ಸೈಡ್ ತೆಗೆಯದೆ ಬಿಸಿ ಮಾಡಿದರೆ ಒಳಗಿನ ಲೋಹ ನೀರಾಗುತ್ತದೆ, ಮೇಲಿನ ಪದರ ಹಾಗೇ ಇರುತ್ತದೆ, ಎರಡು ಅಂಚುಗಳು ಬೆರೆಯುವುದೇ ಇಲ್ಲ. ಕೆರೆದು ತೆಗೆದರೂ ಗಾಳಿ ತಾಗಿದ ಕೂಡಲೇ ತೆಳುವಾಗಿ ಮತ್ತೆ ಬೆಳೆಯುತ್ತದೆ. ಇನ್ನು ಕಬ್ಬಿಣ ಕೆಂಪಾಗಿ ನಿಮಗೆ ಸೂಚನೆ ಕೊಡುತ್ತದೆ. ಅಲ್ಯೂಮಿನಿಯಂ ಕೊಡುವುದಿಲ್ಲ. ಬೆಳಕಿನಲ್ಲಿ ಅದು ಬಣ್ಣ ಬದಲಿಸದೆ ಇದ್ದಹಾಗೇ ಇದ್ದು, ಇದ್ದಕ್ಕಿದ್ದಂತೆ ಕುಸಿದು ಕೆಳಗೆ ಬೀಳುತ್ತದೆ. ಬಿಸಿಯನ್ನು ಉಕ್ಕಿಗಿಂತ ಮೂರು ನಾಲ್ಕು ಪಟ್ಟು ಬೇಗ ಹರಡಿಬಿಡುವುದರಿಂದ ಶುರುವಿನಲ್ಲಿ ಕರಗುವುದೇ ಇಲ್ಲ, ಕೊನೆಯಲ್ಲಿ ತಡೆಯಲಾಗದಷ್ಟು ಕರಗುತ್ತದೆ.

ಇದೆಲ್ಲ ಹೊಸ ತಗಡಿನ ಮಾತಾಯಿತು. ಇಂಜಿನ್ ಕೇಸ್ ಅಂದರೆ ಇನ್ನೂ ಒಂದು ಕಷ್ಟ. ಹೆಚ್ಚಿನ ಬೈಕ್‌ಗಳ ಕೇಸ್‌ಗಳು ಪ್ರೆಶರ್ ಡೈ ಕಾಸ್ಟಿಂಗ್. ಕರಗಿದ ಲೋಹವನ್ನು ಭಾರಿ ಒತ್ತಡದಲ್ಲಿ ಅಚ್ಚಿನೊಳಗೆ ನುಗ್ಗಿಸುತ್ತಾರೆ, ಆಗ ಗಾಳಿಯೂ ಸಣ್ಣ ಗುಳ್ಳೆಗಳಾಗಿ ಒಳಗೆ ಸಿಕ್ಕಿಕೊಳ್ಳುತ್ತದೆ. ಎಡಿಸಿ12 ಇಲ್ಲಿ ತುಂಬಾ ಬಳಕೆಯಲ್ಲಿರುವ ಮಿಶ್ರಲೋಹ, ಸುಮಾರು 10ರಿಂದ 12 ಪ್ರತಿಶತ ಸಿಲಿಕಾನ್, ಜೊತೆಗೆ ಸ್ವಲ್ಪ ತಾಮ್ರ ಇರುತ್ತದೆ. ವೆಲ್ಡ್ ಮಾಡುವಾಗ ಆ ಗುಳ್ಳೆಗಳು ಬಾಯಿಬಿಡುತ್ತವೆ. ಮೇಲಿಂದ ವರ್ಷಗಟ್ಟಲೆ ಬಿಸಿ ಆಯಿಲ್‌ನಲ್ಲಿ ನೆನೆದ ಲೋಹ. ಬಿರುಕು, ಸಣ್ಣ ರಂಧ್ರ ಎಲ್ಲದರೊಳಗೂ ಆಯಿಲ್ ಇರುತ್ತದೆ. ಆರ್ಕ್ ತಾಗಿದ ತಕ್ಷಣ ಆಯಿಲ್ ಒಡೆದು ಹೈಡ್ರೋಜನ್ ಬಿಡುಗಡೆಯಾಗುತ್ತದೆ. ಕರಗಿದ ಅಲ್ಯೂಮಿನಿಯಂ ಅದನ್ನು ಚೆನ್ನಾಗಿ ಹೀರುತ್ತದೆ, ಗಟ್ಟಿಯಾಗುವಾಗ ಮಾತ್ರ ಒಳಗೆ ಇಟ್ಟುಕೊಳ್ಳಲಾರದು, ಹೊರಹಾಕುತ್ತದೆ. ಹೊರಬರಲಾಗದ ಹೈಡ್ರೋಜನ್ ತೂತುಗಳಾಗಿ ಉಳಿಯುತ್ತದೆ. ವೆಲ್ಡ್ ಕಪ್ಪಗಾಗಿ, ಜರಡಿಯ ಹಾಗೆ ಕಾಣುವುದು ಇದರಿಂದಲೇ. ಎರಡನೇ ಮೆಕ್ಯಾನಿಕ್ ನೋಡಿರುವುದು ಬಹುಶಃ ಇಂಥದ್ದನ್ನೇ.

ಹಾಗಾಗಿ ಕ್ಲೀನಿಂಗ್. ಮೊದಲು ನಿಮ್ಮ ಎಪಾಕ್ಸಿಯನ್ನು ಒಂದು ಚೂರೂ ಉಳಿಯದಂತೆ ಕೆರೆದು ತೆಗೆಯಿರಿ. ಡಿಗ್ರೀಸರ್ ಹಾಕಿ ಬಿಸಿನೀರಿನಲ್ಲಿ ಉಜ್ಜಿ ತೊಳೆದು ಒಣಗಿಸಿ. ಆಮೇಲೆ ಕೇಸನ್ನು ಓವನ್‌ನಲ್ಲಿಟ್ಟು 150 ಡಿಗ್ರಿ ಆಸುಪಾಸಿನಲ್ಲಿ ಒಂದೆರಡು ಗಂಟೆ ಬಿಸಿ ಮಾಡಿ. ಅಡುಗೆಗೆ ಬಳಸುವ ಓವನ್ ಬೇಡ, ಗಾಳಿಯಾಡುವ ಜಾಗದಲ್ಲಿಡಿ, ಹೊಗೆ ಬರುತ್ತದೆ. ಬಿಸಿಯಾದಂತೆ ಬಿರುಕಿನ ಗೆರೆಯುದ್ದಕ್ಕೂ ಕಂದು ಬಣ್ಣದ ಆಯಿಲ್ ಜಿನುಗುವುದು ಕಾಣುತ್ತದೆ. ತಣ್ಣಗಾದ ಮೇಲೆ ಅಸಿಟೋನ್‌ನಿಂದ ಒರೆಸಿ, ಮತ್ತೆ ಬಿಸಿ ಮಾಡಿ. ಜಿನುಗುವುದು ನಿಲ್ಲುವವರೆಗೆ ಇದನ್ನೇ ಮಾಡಬೇಕು. ಅಸಿಟೋನ್ ಪೂರ್ತಿ ಆರಿದ ಮೇಲೆಯೇ ಓವನ್ ಹತ್ತಿರ ಹೋಗಿ, ಅದರ ಆವಿಗೆ ಬೆಂಕಿ ಹತ್ತುವುದು ಕ್ಷಣದ ಮಾತು. ಡೈ ಪೆನೆಟ್ರಂಟ್ ಬಳಸಿದ್ದೀರಲ್ಲ, ಅದರ ಬಣ್ಣವೂ ಆಯಿಲ್ ಥರದ್ದೇ. ಅದೂ ಹೀಗೇ ಹೋಗಬೇಕು.

ಎರಡು ವಸ್ತುಗಳನ್ನು ಹತ್ತಿರ ತರಬೇಡಿ. ಒಂದು ಕಾಸ್ಟಿಕ್ ಸೋಡಾ. ಕಬ್ಬಿಣದ ಬ್ಲಾಕ್ ತೊಳೆಯಲು ಬಳಸುತ್ತಾರೆಂದು ಇದಕ್ಕೂ ಹಾಕುವವರಿದ್ದಾರೆ. ಅದು ಅಲ್ಯೂಮಿನಿಯಮ್ಮನ್ನು ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ, ಗ್ಯಾಸ್ಕೆಟ್ ಕೂರುವ ಮುಖ ಹಾಳಾಗುತ್ತದೆ. ಇನ್ನೊಂದು, ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ, ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್. ಕ್ಯಾನ್ ಮೇಲೆ ಟೆಟ್ರಾಕ್ಲೋರೋಎಥಿಲೀನ್ ಅಥವಾ ಬೇರೆ ಯಾವುದೇ ಕ್ಲೋರೋ ಹೆಸರಿದ್ದರೆ ವೆಲ್ಡಿಂಗ್ ಕೆಲಸಕ್ಕೆ ಅದು ಬೇಡವೇ ಬೇಡ. ಆರ್ಕ್‌ನ ಬಿಸಿ ಮತ್ತು ನೇರಳಾತೀತ ಬೆಳಕಿಗೆ ಅದರ ಆವಿ ಒಡೆದು ಫಾಸ್ಜೀನ್ ಎಂಬ ವಿಷಾನಿಲ ಆಗುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟಿದ್ದ ಅದೇ ಅನಿಲ. ಶ್ವಾಸಕೋಶಕ್ಕೆ ಆದ ಹಾನಿ ಕೆಲವೊಮ್ಮೆ ಗಂಟೆಗಳ ನಂತರ ಗೊತ್ತಾಗುತ್ತದೆ.

ಕ್ಲೀನ್ ಆದ ಮೇಲೆ ಬಿರುಕಿನ ತುದಿ ಆಚೆಗೆ ಒಂದೆರಡು ಮಿ.ಮೀ. ಬಿಟ್ಟು, 2.5ರಿಂದ 3 ಮಿ.ಮೀ. ಡ್ರಿಲ್‌ನಿಂದ ತೂತು ಮಾಡಿ. ಚೂಪಾದ ತುದಿಯಲ್ಲಿ ಒತ್ತಡ ಸೇರಿ ಬಿರುಕು ಮುಂದೆ ಓಡುತ್ತದೆ, ದುಂಡು ತೂತು ಅದನ್ನು ನಿಲ್ಲಿಸುತ್ತದೆ. ಆಮೇಲೆ ಬಿರುಕಿನ ಉದ್ದಕ್ಕೂ ವಿ ಆಕಾರದ ಗ್ರೂವ್ ತೆಗೆಯಬೇಕು, ಕೋನ 60ರಿಂದ 90 ಡಿಗ್ರಿ, ಆಳ ಹೆಚ್ಚುಕಡಿಮೆ ಗೋಡೆಯ ಪೂರ್ತಿ ದಪ್ಪ. ಬಿರುಕಿನ ಗೆರೆ ಕಾಣದಾಗುವವರೆಗೆ ಕೊರೆಯಿರಿ. ಇದಕ್ಕೆ ಕಾರ್ಬೈಡ್ ಬರ್, ಅಂದರೆ ತಿರುಗುತ್ತ ಲೋಹ ಕೆರೆಯುವ ಹಲ್ಲಿನ ಬಿಟ್ ಬಳಸಿ, ಅಲ್ಯೂಮಿನಿಯಂಗೆಂದೇ ಮಾಡಿದ ಅಗಲ ಹಲ್ಲಿನದು. ಕಬ್ಬಿಣಕ್ಕೆ ಬಳಸುವ ಗ್ರೈಂಡಿಂಗ್ ಚಕ್ರ ಬೇಡ. ಅದರ ಹರಳು ಮತ್ತು ಅಂಟು ಮೆತ್ತನೆ ಲೋಹದಲ್ಲಿ ಹೂತುಕೊಂಡು ವೆಲ್ಡನ್ನು ಕೆಡಿಸುತ್ತವೆ. ಬರ್‌ಗೆ ಲೋಹ ಅಂಟದಿರಲು ಆಯಿಲ್ ಹಾಕುವ ಅಭ್ಯಾಸ ಇದ್ದರೆ ಇಲ್ಲಿ ಬಿಡಿ, ಇಷ್ಟು ಕಷ್ಟಪಟ್ಟು ತೆಗೆದ ಆಯಿಲನ್ನೇ ಮತ್ತೆ ಹಾಕಿದಂತಾಗುತ್ತದೆ. ಕೊನೆಗೆ ಹೊಸ ಸ್ಟೇನ್‌ಲೆಸ್ ಸ್ಟೀಲ್ ಬ್ರಷ್‌ನಿಂದ ಹಗುರವಾಗಿ ಉಜ್ಜಿ. ಆ ಬ್ರಷ್ ಕಬ್ಬಿಣ ಮುಟ್ಟಿರಬಾರದು.

ನಿಮ್ಮ ಬಿರುಕು ಥ್ರೆಡ್‌ನಿಂದ ಹೊರಟಿರುವುದರಿಂದ ಥ್ರೆಡ್ ಉಳಿಸಲು ನೋಡಬೇಡಿ. ಗ್ರೂವನ್ನು ರಂಧ್ರದೊಳಗೂ ಎಳೆದು, ಅಲ್ಲಿಯೂ ಲೋಹ ತುಂಬಿ, ಆಮೇಲೆ ಮತ್ತೆ ಡ್ರಿಲ್ ಮಾಡಿ ಟ್ಯಾಪ್ ಹಾಕಬೇಕು. ತುಂಬಿದ ಲೋಹ ಮೆತ್ತಗೆ ಇರುವುದರಿಂದ ಸ್ಟೀಲ್ ಥ್ರೆಡ್ ಇನ್ಸರ್ಟ್ ಕೂರಿಸುವುದು ಒಳ್ಳೆಯದು. ವಾಷರ್ ಕೂರುವ ಮುಖವನ್ನು ಥ್ರೆಡ್‌ಗೆ ಲಂಬವಾಗಿ, ಸಮತಟ್ಟಾಗಿ ಫೇಸಿಂಗ್ ಮಾಡಿಸಿ. ಇದನ್ನು ಮರೆತರೆ ವಾಷರ್ ಒಂದೇ ಪಕ್ಕ ಒತ್ತಿ, ಆಯಿಲ್ ಜಿನುಗಿ, ನೀವು ಮತ್ತೆ ಜಾಸ್ತಿ ಬಿಗಿ ಮಾಡುತ್ತೀರಿ.

ಮೆಕ್ಯಾನಿಕ್ ಹೇಳಿದ ಆರ್ಗಾನ್ ವೆಲ್ಡಿಂಗ್ ಅಂದರೆ ಟಿಗ್, ಆರ್ಗಾನ್ ಅನಿಲದ ರಕ್ಷಣೆಯಲ್ಲಿ ಟಂಗ್‌ಸ್ಟನ್ ಕಡ್ಡಿಯಿಂದ ಆರ್ಕ್ ಹಚ್ಚುವ ವಿಧಾನ. ಮಷೀನ್ ಎಸಿ ಟಿಗ್ ಆಗಿರಬೇಕು. ಡಿಸಿ ಮಾತ್ರ ಇರುವ ಟಿಗ್ ಮಷೀನ್ ಉಕ್ಕಿಗೆ ಎಷ್ಟೇ ಚೆನ್ನಾಗಿದ್ದರೂ ಇಲ್ಲಿ ಬೇಡ. ಎಸಿಯಲ್ಲಿ ಕರೆಂಟ್ ದಿಕ್ಕು ಬದಲಾಗುತ್ತಿರುತ್ತದೆ. ಟಂಗ್‌ಸ್ಟನ್ ಪಾಸಿಟಿವ್ ಆದ ಅರ್ಧದಲ್ಲಿ ಆರ್ಕ್ ಆಕ್ಸೈಡನ್ನು ಒಡೆದು ಚದುರಿಸುತ್ತದೆ, ನೆಗೆಟಿವ್ ಆದ ಅರ್ಧದಲ್ಲಿ ಲೋಹಕ್ಕೆ ಬಿಸಿ ಕೊಡುತ್ತದೆ. ಈ ಎರಡು ಅರ್ಧಗಳ ಪಾಲು ಹೊಂದಿಸುವ ಬ್ಯಾಲೆನ್ಸ್ ಇರುವ ಮಷೀನ್ ಆದರೆ ನೆಗೆಟಿವ್ ಕಡೆಗೆ 65ರಿಂದ 75 ಪ್ರತಿಶತ ಇಟ್ಟು ನೋಡಿ. ಹಳೆ ಎರಕಕ್ಕೆ ಕ್ಲೀನಿಂಗ್ ಸ್ವಲ್ಪ ಜಾಸ್ತಿ ಬೇಕು, ಹಾಗಾಗಿ ನಾನು 65ರ ಕಡೆಗೇ ವಾಲುತ್ತೇನೆ. ಅನಿಲ ಶುದ್ಧ ಆರ್ಗಾನ್. ಉಕ್ಕಿನ ಮಿಗ್ ವೆಲ್ಡಿಂಗ್‌ಗೆ ಬಳಸುವ ಕಾರ್ಬನ್ ಡೈ ಆಕ್ಸೈಡ್ ಬೆರೆಸಿದ ಸಿಲಿಂಡರ್ ಅಪ್ಪಿತಪ್ಪಿಯೂ ಬೇಡ. ಕರೆಂಟ್ ಲೆಕ್ಕ, ಗೋಡೆಯ ಪ್ರತಿ ಮಿ.ಮೀ. ದಪ್ಪಕ್ಕೆ ಸುಮಾರು 40 ಆಂಪಿಯರ್. ಕಾಲಿನ ಪೆಡಲ್ ಇದ್ದರೆ ಅರ್ಧ ಕಷ್ಟ ಕಡಿಮೆ, ಬಿಸಿ ಏರಿದಂತೆ ಕರೆಂಟ್ ಇಳಿಸುತ್ತ ಹೋಗಬಹುದು.

ಫಿಲ್ಲರ್ ರಾಡ್‌ನಲ್ಲೇ ತುಂಬಾ ಜನ ಎಡವುವುದು. ಅಂಗಡಿಯಲ್ಲಿ ಅಲ್ಯೂಮಿನಿಯಂ ರಾಡ್ ಅಂತ ಕೇಳಿದರೆ 5356 ಎಂಬ ಗ್ರೇಡ್ ಕೊಟ್ಟುಬಿಡಬಹುದು. ಅದರಲ್ಲಿ 5 ಪ್ರತಿಶತ ಮೆಗ್ನೀಸಿಯಂ ಇರುತ್ತದೆ. ತಗಡು, ಪೈಪ್ ಕೆಲಸಕ್ಕೆ ಅದು ಚೆನ್ನಾಗಿದೆ. ಸಿಲಿಕಾನ್ ಜಾಸ್ತಿ ಇರುವ ಎರಕದ ಜೊತೆ ಸೇರಿದರೆ ಮಾತ್ರ ಪೆಡಸಾಗುತ್ತದೆ. ಸದಾ 65 ಡಿಗ್ರಿಗಿಂತ ಮೇಲಿನ ಬಿಸಿಯಲ್ಲಿರುವ ಭಾಗಗಳಿಗೂ ಅದನ್ನು ಬಳಸಬಾರದು, ಇಂಜಿನ್ ಆಯಿಲ್ ಸುಲಭವಾಗಿ 100 ಡಿಗ್ರಿ ಮುಟ್ಟುತ್ತದೆ. ನಿಮಗೆ ಬೇಕಾದ್ದು 4043, ಅಂದರೆ 5 ಪ್ರತಿಶತ ಸಿಲಿಕಾನ್ ಇರುವುದು. ಅಥವಾ 12 ಪ್ರತಿಶತ ಸಿಲಿಕಾನ್‌ನ 4047. ಅದು ಸುಮಾರು 580 ಡಿಗ್ರಿಗೇ ಕರಗಿ ಚೆನ್ನಾಗಿ ಹರಿಯುತ್ತದೆ. ಡೈ ಕಾಸ್ಟಿಂಗ್ ಕೇಸ್‌ಗೆ ನನ್ನ ಆಯ್ಕೆ 4047, ತಣಿಯುವಾಗ ಸೀಳುವುದು ಕಡಿಮೆ.

ಬಿಸಿ ಮಾಡಿಯೇ ವೆಲ್ಡ್ ಮಾಡಬೇಕು. ಅಲ್ಯೂಮಿನಿಯಂ ಗಟ್ಟಿಯಾಗುವಾಗ ಗಾತ್ರದಲ್ಲಿ ಸುಮಾರು 6 ಪ್ರತಿಶತ ಕುಗ್ಗುತ್ತದೆ. ಸುತ್ತಲಿನ ಕೇಸ್ ತಣ್ಣಗೆ, ಬಿಗಿಯಾಗಿ ಇದ್ದರೆ ಕುಗ್ಗುವ ವೆಲ್ಡ್ ಪಕ್ಕದ ಲೋಹವನ್ನು ಎಳೆದು ಸೀಳುತ್ತದೆ. ಕೇಸನ್ನು ಓವನ್‌ನಲ್ಲಿ 120ರಿಂದ 150 ಡಿಗ್ರಿಗೆ ತಂದು ವೆಲ್ಡ್ ಶುರು ಮಾಡಿ. ಟೆಂಪರೇಚರ್ ಕ್ರೇಯಾನ್ ಸಿಗುತ್ತದೆ, ಗೀಚಿದ ಗೆರೆ ನಿಗದಿತ ಬಿಸಿಗೆ ಕರಗುತ್ತದೆ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಇನ್‌ಫ್ರಾರೆಡ್ ಗನ್ ನಂಬಬೇಡಿ, ನಿಜವಾದದ್ದಕ್ಕಿಂತ ತುಂಬಾ ಕಡಿಮೆ ತೋರಿಸುತ್ತದೆ.

ಇನ್ನು ಸೊಟ್ಟಗಾಗುವ ವಿಷಯ. 100 ಮಿ.ಮೀ. ಉದ್ದದ ಅಲ್ಯೂಮಿನಿಯಂ 100 ಡಿಗ್ರಿ ಬಿಸಿಯಾದರೆ 0.2 ಮಿ.ಮೀ.ಗಿಂತ ಹೆಚ್ಚು ಉದ್ದವಾಗುತ್ತದೆ. ಉಕ್ಕು ಹಿಗ್ಗುವುದು ಇದರ ಅರ್ಧದಷ್ಟು. ಒಂದೇ ಕಡೆ ಬಿಸಿ ಮಾಡಿದರೆ ಕೇಸ್ ತಿರುಚಿಕೊಳ್ಳುತ್ತದೆ. ಅದಕ್ಕೇ ಕೇಸ್‌ನ ಎರಡು ಅರ್ಧಗಳನ್ನು, ಅವನ್ನು ಸರಿಯಾದ ಜಾಗಕ್ಕೆ ಕೂರಿಸುವ ಡೋವೆಲ್ ಪಿನ್ ಸಮೇತ, ಒಳಗೆ ಏನೂ ಇಲ್ಲದೆ, ಎಲ್ಲ ಬೋಲ್ಟ್ ಹಾಕಿ ಜೋಡಿಸಿಟ್ಟು ವೆಲ್ಡ್ ಮಾಡುವುದು ವಾಡಿಕೆ. ಒಳಗಿನಿಂದ ವೆಲ್ಡ್ ಮಾಡಬೇಕಾದಾಗ ಆ ಅರ್ಧವನ್ನು ದಪ್ಪ ಪ್ಲೇಟ್‌ಗೆ ಬಿಗಿದುಕೊಳ್ಳುತ್ತಾರೆ.

ವೆಲ್ಡ್ ಹಾಕುವಾಗ ಬಿರುಕಿನ ಒಳತುದಿಯಿಂದ, ಅಂದರೆ ನೀವು ತೂತು ಮಾಡಿದ ಕಡೆಯಿಂದ, ಡ್ರೈನ್ ರಂಧ್ರದ ಕಡೆಗೆ ಬನ್ನಿ. ಒಂದೇ ಸಮ ಎಳೆಯಬೇಡಿ. 10-15 ಮಿ.ಮೀ. ಹಾಕಿ ಸ್ವಲ್ಪ ಬಿಡಿ. ಮೊದಲ ಸಲ ಕೊಳೆ ಮೇಲೆದ್ದು ಬಂದರೆ ಗಾಬರಿ ಬೇಡ. ಆ ಲೋಹವನ್ನು ಬರ್‌ನಿಂದ ಕೆರೆದು ತೆಗೆದು ಮತ್ತೆ ಹಾಕಿ. ಹಳೆ ಕೇಸ್‌ನಲ್ಲಿ ಮೊದಲ ಪದರವನ್ನು ಕ್ಲೀನಿಂಗ್‌ನ ಕೊನೆಯ ಹಂತ ಎಂದೇ ಲೆಕ್ಕ ಹಿಡಿಯುವುದು ವಾಸಿ. ಕೊಳೆಯ ಮೇಲೆಯೇ ಇನ್ನೊಂದು ಪದರ ಹೊದಿಸುವ ಆಸೆ ಎಲ್ಲರಿಗೂ ಆಗುತ್ತದೆ, ಮಾಡಬೇಡಿ. ಪ್ರತಿ ತುಂಡಿನ ಕೊನೆಯಲ್ಲಿ ಆರ್ಕ್ ತಟ್ಟನೆ ಆರಿಸಿದರೆ ಅಲ್ಲೊಂದು ಗುಳಿ ಉಳಿದು, ಅದರಿಂದಲೇ ಸೀಳು ಶುರುವಾಗುತ್ತದೆ. ಕರೆಂಟ್ ನಿಧಾನ ಇಳಿಸುತ್ತ ಗುಳಿಗೆ ಇನ್ನೊಂದು ಹನಿ ಫಿಲ್ಲರ್ ಹಾಕಿ. ಒಳಗಿನಿಂದಲೂ ಕೈ ಎಟುಕಿದರೆ ಅಲ್ಲಿ ಹಗುರವಾಗಿ ಗ್ರೂವ್ ತೆಗೆದು ಒಂದು ಪದರ ಹಾಕಿ. ಆ ಉಬ್ಬು ಗೇರ್‌ಗೋ ಆಯಿಲ್ ಸ್ಟ್ರೇನರ್‌ಗೋ ತಾಗದಂತೆ ನೋಡಿ. ಮುಗಿದ ಮೇಲೆ ಓವನ್‌ಗೇ ವಾಪಸ್ ಇಟ್ಟು, ಆಫ್ ಮಾಡಿ, ತಾನಾಗಿ ತಣಿಯಲು ಬಿಡಿ. ನೀರು ಬೇಡ, ಫ್ಯಾನ್ ಗಾಳಿಯೂ ಬೇಡ.

ಸಿಲಿಂಡರ್ ಹೆಡ್ ಸೀಳಿದ್ದರೆ ಇದೇ ಉತ್ತರ ಸಾಲದು, ಯಾರಾದರೂ ಮುಂದೆ ಕೇಳುತ್ತಾರೆಂದು ಎರಡು ಮಾತು ಸೇರಿಸುತ್ತೇನೆ. ಹೆಡ್‌ಗಳು ಅನೇಕ ಸಲ ಎ356 ಥರದ ಲೋಹದ್ದು, ಟಿ6 ಶಾಖ ಸಂಸ್ಕರಣೆಯಿಂದ ಗಟ್ಟಿ ಮಾಡಿರುತ್ತಾರೆ. ವೆಲ್ಡ್ ಬಿಸಿಗೆ ಆ ಗಟ್ಟಿತನ ಸುತ್ತಮುತ್ತ ಹೋಗಿಬಿಡುತ್ತದೆ. ವಾಲ್ವ್ ಸೀಟ್‌ಗಳು ಬಿಗಿಯಾಗಿ ಒತ್ತಿ ಕೂರಿಸಿದವು, ಬಿಸಿಗೆ ಸಡಿಲ ಆಗಬಹುದು. ಮುಖದ ಸಮತಟ್ಟು ಸಾಮಾನ್ಯವಾಗಿ 0.05 ಮಿ.ಮೀ. ಒಳಗೇ ಇರಬೇಕು. ಅದು ಮಷೀನ್ ಶಾಪ್ ಇರುವ ಹೆಡ್ ತಜ್ಞರ ಕೆಲಸ. ಡೈ ಕಾಸ್ಟಿಂಗ್ ಕೇಸ್‌ಗೆ ಟಿ6 ಸಾಮಾನ್ಯವಾಗಿ ಮಾಡಿರುವುದಿಲ್ಲ, ಹಾಗಾಗಿ ವೆಲ್ಡ್‌ನಿಂದ ಕಳೆದುಕೊಳ್ಳುವುದೂ ಕಡಿಮೆ. ಆ ಮಟ್ಟಿಗೆ ನಿಮಗೆ ಅದೃಷ್ಟ ಇದೆ.

ಟಾರ್ಚ್‌ನಿಂದಲೇ ಕರಗಿಸಿ ಹಚ್ಚುವ ಕಡಿಮೆ ಬಿಸಿಯ ರಾಡ್‌ಗಳ ವಿಡಿಯೋ ನೀವೂ ನೋಡಿರುತ್ತೀರಿ. ಅವು ಹೆಚ್ಚಾಗಿ ಸತು ಮತ್ತು ಅಲ್ಯೂಮಿನಿಯಂ ಮಿಶ್ರಣ, 400 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತವೆ. ಮೂಲ ಲೋಹ ಕರಗುವುದಿಲ್ಲ, ಸೋಲ್ಡರಿಂಗ್ ಥರ ಅಂಟುತ್ತವೆ. ಶುದ್ಧವಾದ ಹೊಸ ತುಂಡಿನ ಮೇಲೆ ಚೆನ್ನಾಗಿ ಹಿಡಿಯುತ್ತವೆ. ಕೇಸ್‌ನಷ್ಟು ದೊಡ್ಡ ತುಂಡನ್ನು ಗ್ಯಾಸ್ ಟಾರ್ಚ್‌ನಿಂದ ಆ ಬಿಸಿಗೆ ತರುವಾಗ ಅದು ಎಷ್ಟು ಸೊಟ್ಟಗಾಗಬಹುದು ಯೋಚಿಸಿ. ಒಂದು ಸಲ ಸತು ಹಾಕಿದ ಜಾಗವನ್ನು ಮುಂದೆ ಟಿಗ್ ಮಾಡುವುದೂ ಕಷ್ಟ, ಸತು ಆವಿಯಾಗಿ ತೂತು ಬೀಳುತ್ತದೆ. ಎಪಾಕ್ಸಿ ಹಚ್ಚಿದ್ದರೆ ಕೆರೆದು ತೆಗೆಯಬಹುದು, ಇದನ್ನು ತೆಗೆಯಲಾಗುವುದಿಲ್ಲ. ಬಿಸಿಯೇ ಬೇಡ ಎನ್ನುವ ಕಡೆ ಮೆಟಲ್ ಸ್ಟಿಚಿಂಗ್ ಇದೆ. ಬಿರುಕಿನುದ್ದಕ್ಕೂ ತೂತು ಕೊರೆದು ಒಂದಕ್ಕೊಂದು ಹೆಣೆದ ಥ್ರೆಡ್ ಪಿನ್ ಬಿಗಿಯುತ್ತಾರೆ. ದಪ್ಪ ಗೋಡೆಗೆ ಅದು ಬಹಳ ಒಳ್ಳೆಯ ವಿಧಾನ, ನಿಮ್ಮ ಮೂರು ನಾಲ್ಕು ಮಿ.ಮೀ. ಗೋಡೆಯಲ್ಲಿ ಪಿನ್‌ಗೆ ಹಿಡಿತ ಸಾಲದು.

ವೆಲ್ಡ್ ತಣಿದ ಮೇಲೆ ಮತ್ತೆ ಡೈ ಪೆನೆಟ್ರಂಟ್ ಮಾಡಿ, ಈ ಸಲ ವೆಲ್ಡ್‌ನ ಎರಡೂ ಅಂಚು ಗಮನಿಸಿ. ಒಳಗೆ ಸೀಮೆಎಣ್ಣೆ ಸುರಿದು, ಹೊರಗೆ ಚಾಕ್ ಪುಡಿ ಹಚ್ಚಿ ರಾತ್ರಿಯಿಡೀ ಬಿಟ್ಟರೆ ಸಣ್ಣ ತೂತೂ ಕಲೆಯಾಗಿ ಕಾಣುತ್ತದೆ. ಜೋಡಣೆ ಮುಖದ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್‌ನಿಂದ ನೋಡಿ. ಹತ್ತಿರದ ಬೇರಿಂಗ್ ಗೂಡಿನ ಅಳತೆ ವೆಲ್ಡ್‌ಗೆ ಮೊದಲೇ ಬರೆದಿಟ್ಟುಕೊಂಡಿದ್ದರೆ ಈಗ ಹೋಲಿಸಬಹುದು. ಒಳಗಿನ ಲೋಹದ ಪುಡಿ ಒಂದು ಕಣವೂ ಉಳಿಯದಂತೆ, ಆಯಿಲ್ ದಾರಿಗಳಿಗೆಲ್ಲ ಗಾಳಿ ಹೊಡೆದು ತೊಳೆಯಿರಿ. ವೆಲ್ಡ್ ಎಷ್ಟೇ ಚೆನ್ನಾಗಿದ್ದರೂ ಒಂದು ಚೂರು ಆಯಿಲ್ ಪಂಪ್ ಸೇರಿದರೆ ಇಂಜಿನ್ ಹೋಯಿತು.

ನೀವೇ ಮಾಡಬಹುದಾ ಎಂದು ಕೇಳಿದ್ದಿರಿ. ಬಿಚ್ಚುವುದು, ಬಿರುಕು ಪತ್ತೆ, ಆಯಿಲ್ ಬಿಡಿಸುವುದು, ಗ್ರೂವ್ ಕೊರೆಯುವುದು, ಇವಿಷ್ಟು ಖಂಡಿತ ನೀವೇ ಮಾಡಿ. ಹಣ ಕೊಟ್ಟು ಮಾಡಿಸಿದರೂ ಇಷ್ಟು ಸಮಯ ಯಾರೂ ನಿಮ್ಮ ಕೇಸ್‌ಗೆ ಕೊಡುವುದಿಲ್ಲ. ಆರ್ಕ್ ಹಚ್ಚುವ ಭಾಗವನ್ನು ಎಸಿ ಟಿಗ್ ಕೈವಶ ಇರುವವರಿಗೆ ಬಿಡಬಹುದು. ಕೊಡುವ ಮೊದಲು ಯಾವ ರಾಡ್ ಹಾಕುತ್ತೀರಿ, ಎಷ್ಟು ಬಿಸಿ ಮಾಡುತ್ತೀರಿ ಎಂದು ಕೇಳಿ. ಎರಡಕ್ಕೂ ಅಂಕಿ ಸಮೇತ ಉತ್ತರ ಬರಬೇಕು. ನಿಮ್ಮ ಹತ್ತಿರವೇ ಎಸಿ ಟಿಗ್ ಇದ್ದು ಕೈ ಪ್ರಯೋಗಿಸಬೇಕೆಂದಿದ್ದರೆ ಗುಜರಿಯಿಂದ ಒಂದು ಹಳೆ ಕ್ಲಚ್ ಕವರ್ ತನ್ನಿ. ಅದನ್ನು ಬೇಕೆಂದೇ ಸೀಳಿ, ಮೇಲೆ ಹೇಳಿದ ಪ್ರತಿ ಹಂತವನ್ನೂ ಅದರ ಮೇಲೆ ಮಾಡಿ. ಆಮೇಲೆ ವೈಸ್‌ಗೆ ಹಿಡಿದು ಸುತ್ತಿಗೆಯಿಂದ ಹೊಡೆದು ಮುರಿಯಿರಿ. ವೆಲ್ಡ್ ಬಿಟ್ಟು ಬೇರೆ ಕಡೆ ಮುರಿದರೆ, ಅಥವಾ ಮುರಿದ ವೆಲ್ಡ್‌ನೊಳಗೆ ಬೂದು ಬಣ್ಣದ ಒತ್ತೊತ್ತು ಕಣ ಕಂಡರೆ ನಿಮ್ಮ ಕೇಸ್‌ಗೆ ಕೈ ಹಾಕಿ. ಕಪ್ಪು ಚುಕ್ಕಿ, ತೂತು ಕಂಡರೆ ಇನ್ನೊಂದು ಕವರ್ ತನ್ನಿ.